ಊಟದ ವಿರಾಮ ಸೋರಿಹೋಗದ ಹಾಗೆ: ಒಂದು ಗಂಟೆಯ ಲೆಕ್ಕಾಚಾರ

ಕೆಲಸದ ನಡುವಿನ ಊಟದ ವಿರಾಮದ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸೋಸಿದರೆ ಉಳಿಯುವುದು ಎರಡೇ. ಹೆಸರಿಗೆ ಒಂದು ಗಂಟೆ ಬಿಡುವು ಇದೆ, ಅದು ಎಲ್ಲಿ ಹೋಗುತ್ತದೆ? ಉಂಡು ಬಂದ ಮೇಲೆ ಕಣ್ಣು ಎಳೆಯುತ್ತದೆ, ಏನು ಮಾಡಲಿ? ಎರಡನೆಯದಕ್ಕೆ ಊಟ, ನಡಿಗೆ, ನಿದ್ದೆಯ ಹಂತಗಳಲ್ಲಿ ಉತ್ತರವಿದೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು: ವಿರಾಮ ಸೋರುವುದು ಅದರ ಎರಡು ತುದಿಗಳಲ್ಲಿ. ಏಳುವಾಗ ಕೆಲಸವನ್ನು ಅರ್ಧಕ್ಕೆ ತೆರೆದಿಟ್ಟು ಏಳುತ್ತೀರಿ, ಮರಳಿದಾಗ ಎಲ್ಲಿಂದ ಹಿಡಿಯಬೇಕೆಂದು ತಡಕಾಡುತ್ತೀರಿ. ಆ ಎರಡು ತುದಿ ಕಟ್ಟಿದರೆ ನಡುವಿನದು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ.

ಇಲ್ಲಿನ ಕ್ರಮ 60 ನಿಮಿಷದ ವಿರಾಮಕ್ಕೆ ಹೊಂದಿಸಿದ್ದು. 30 ನಿಮಿಷವೇ ಸಿಗುವವರು ಏನನ್ನು ಬಿಡಬೇಕು ಎಂಬುದು ಕೊನೆಯಲ್ಲಿದೆ.

ಬೇಕಾಗುವುದು

ಸೋರದ ಮುಚ್ಚಳವಿರುವ ಊಟದ ಡಬ್ಬಿ (ಮೈಕ್ರೋವೇವ್ ಬಳಸುವವರಾದರೆ ಗಾಜಿನದು ಅಥವಾ ಪಿಂಗಾಣಿಯದು), ಚೀಟಿಗಳ ಒಂದು ಸಣ್ಣ ಕಟ್ಟು, ಪೆನ್ನು, ಅಲಾರಂ. ಮಧ್ಯಾಹ್ನ ಸ್ವಲ್ಪ ಮಲಗುವ ಅಭ್ಯಾಸ ಬೇಕೆನ್ನುವವರಿಗೆ ಒಂದು ಕೈಟವೆಲ್ ಮತ್ತು ಕಣ್ಣುಪಟ್ಟಿ. ಹಿಮ್ಮಡಿ ಎತ್ತರದ ಪಾದರಕ್ಷೆ ಹಾಕುವವರು ಮೇಜಿನ ಕೆಳಗೆ ಒಂದು ಜೊತೆ ಚಪ್ಪಟೆ ಚಪ್ಪಲಿ ಇಟ್ಟುಕೊಳ್ಳಿ. ಇದಕ್ಕಿಂತ ಹೆಚ್ಚು ಸಾಮಾನು ಕೊಂಡರೆ ಅದು ಮೂರನೇ ವಾರಕ್ಕೆ ಡ್ರಾಯರ್ ಸೇರುತ್ತದೆ.

ಹಂತ 1: ಮೂರು ದಿನ ಅಳೆಯಿರಿ

ಏನನ್ನೂ ಬದಲಾಯಿಸುವ ಮೊದಲು ಮೂರು ದಿನ ಐದು ಹೊತ್ತುಗಳನ್ನು ಬರೆದಿಡಿ: ಕುರ್ಚಿಯಿಂದ ಎದ್ದದ್ದು, ಮೊದಲ ತುತ್ತು, ಕೊನೆಯ ತುತ್ತು, ಕುರ್ಚಿಗೆ ಮರಳಿದ್ದು, ನಿಜವಾಗಿ ಕೆಲಸ ಶುರುವಾದದ್ದು.

ಹಲವರ ಚೀಟಿ ಹೀಗಿರುತ್ತದೆ: ಎದ್ದದ್ದು 1:00, ಮೊದಲ ತುತ್ತು 1:17, ಕೊನೆಯ ತುತ್ತು 1:31, ಮರಳಿದ್ದು 1:58, ಕೆಲಸ ಶುರು 2:12. ಉಂಡದ್ದು ಬರೀ 14 ನಿಮಿಷ. ಮೊದಲ 17 ನಿಮಿಷ ಲಿಫ್ಟಿಗೆ, ಸಾಲಿಗೆ, ಬಿಸಿ ಮಾಡುವುದಕ್ಕೆ, ಜೊತೆಗಾರರಿಗೆ ಕಾಯುವುದಕ್ಕೆ ಹೋಯಿತು. ಊಟದ ನಂತರದ 27 ನಿಮಿಷ ಫೋನಿಗೆ. ಮರಳಿದ ಮೇಲಿನ 14 ನಿಮಿಷ ಯಾರ ಲೆಕ್ಕಕ್ಕೂ ಸೇರದವು, ಅತ್ತ ವಿಶ್ರಾಂತಿಯೂ ಅಲ್ಲ, ಇತ್ತ ಕೆಲಸವೂ ಅಲ್ಲ.

ಈ ಅಳತೆಯನ್ನು ಹಾರಿಸಿ ನೇರ ಮುಂದಿನ ಹಂತಕ್ಕೆ ಹೋಗುವವರೇ ಹೆಚ್ಚು. ಹಾಗೆ ಮಾಡಿದರೆ 25 ನಿಮಿಷದ ಜಾಗದಲ್ಲಿ 50 ನಿಮಿಷದ ಯೋಜನೆ ತುರುಕಿ, ಎರಡೇ ದಿನಕ್ಕೆ ಕೈಬಿಡುತ್ತೀರಿ.

ಹಂತ 2: ಹೊತ್ತು ಗೊತ್ತುಮಾಡಿ

ವಿರಾಮದ ಹೊತ್ತು ನಿಮ್ಮ ಕೈಯಲ್ಲಿದ್ದರೆ ಬೆಳಗಿನ ತಿಂಡಿಯಾದ ನಾಲ್ಕರಿಂದ ಐದು ಗಂಟೆಯ ಒಳಗೆ ಇಟ್ಟುಕೊಳ್ಳಿ. ತೀರಾ ತಡವಾದರೆ ಹಸಿವು ಮೀರಿ, ಗಬಗಬ ತಿಂದು, ಬೇಕಾದ್ದಕ್ಕಿಂತ ಹೆಚ್ಚು ಇಳಿಸುತ್ತೀರಿ. ಎಲ್ಲರೂ ಒಂದಕ್ಕೆ ಏಳುವ ಜಾಗದಲ್ಲಿ 12:45ಕ್ಕೋ 1:20ಕ್ಕೋ ಎದ್ದರೆ ಸಾಲಿನಲ್ಲಿ ನಿಲ್ಲುವ ಹೊತ್ತು ಉಳಿಯುತ್ತದೆ.

ಇನ್ನೊಂದು ಮಾತು. ಮಧ್ಯಾಹ್ನ ಸುಮಾರು ಒಂದರಿಂದ ಮೂರರ ನಡುವೆ ಎಚ್ಚರ ಇಳಿಯುವುದು ದೇಹದ ಒಳಗಡಿಯಾರದ ಲಯದಲ್ಲೇ ಇದೆ. ಊಟ ಬಿಟ್ಟವರಿಗೂ ಆ ಜೋಂಪು ಬರುತ್ತದೆ; ಭಾರೀ ಊಟ ಅದನ್ನು ಹೆಚ್ಚಿಸುತ್ತದೆ, ಅಷ್ಟೆ. ಆದ್ದರಿಂದ ನಿದ್ದೆ ಬರುತ್ತದೆಂದು ಊಟ ಬಿಡುವುದರಲ್ಲಿ ಅರ್ಥವಿಲ್ಲ.

ಕ್ಯಾಲೆಂಡರ್ ಹಂಚಿಕೊಳ್ಳುವ ಕಚೇರಿಯಾದರೆ ಆ ಒಂದು ಗಂಟೆಯನ್ನು ಪ್ರತಿದಿನ ತುಂಬಿಸಿಡಿ. ಖಾಲಿ ಕಂಡ ಜಾಗಕ್ಕೆ ಮೀಟಿಂಗ್ ಬಂದು ಕೂರುವುದು ಯಾರ ದುರುದ್ದೇಶವೂ ಅಲ್ಲ, ಖಾಲಿ ಕಂಡಿತು ಅಷ್ಟೇ. ಆದರೂ ಯಾರಾದರೂ ಕರೆದರೆ ಉದ್ದುದ್ದ ವಿವರಣೆ ಬೇಡ. 'ಒಂದರಿಂದ ಎರಡು ಊಟಕ್ಕೆ ಹೋಗಿರ್ತೀನಿ, ಎರಡೂ ಕಾಲಿಗೆ ಆಗಬಹುದಾ?' ಸಾಕು. ಬರೀ 'ಆಗಲ್ಲ' ಎಂದರೆ ಚರ್ಚೆ ಶುರುವಾಗುತ್ತದೆ. ಬದಲಿ ಹೊತ್ತು ಕೊಟ್ಟರೆ ಅಲ್ಲಿಗೇ ಮುಗಿಯುತ್ತದೆ.

ಹಂತ 3: ಏಳುವ ಮೊದಲು ಮೂರು ಸಾಲು (3 ನಿಮಿಷ)

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ತುಣುಕು ಹಳೆಯದರಲ್ಲೇ ಸಿಕ್ಕಿಕೊಂಡಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು 'ಗಮನದ ಶೇಷ' ಎಂದು ಕರೆದರು. ಪಾತ್ರೆ ಬರಿದು ಮಾಡಿದ ಮೇಲೂ ತಳಕ್ಕೆ ಅಂಟಿಕೊಂಡಿರುವುದರ ಹಾಗೆ. ಬಿಡುವ ಮುನ್ನ ಎಲ್ಲಿ ನಿಲ್ಲಿಸಿದೆ, ಮರಳಿ ಏನು ಮಾಡಬೇಕು ಎಂದು ಚುಟುಕಾಗಿ ಬರೆದಿಟ್ಟರೆ ಈ ಅಂಟು ಕಡಿಮೆಯಾಗುತ್ತದೆ ಎಂಬುದು ಅವರ ಮುಂದಿನ ಕೆಲಸದಲ್ಲಿ ಕಂಡುಬಂತು.

ಚೀಟಿಯಲ್ಲಿ ಬರೆಯಬೇಕಾದ್ದು ಮೂರೇ: ಎಲ್ಲಿದ್ದೇನೆ, ಮುಂದಿನ ಹೆಜ್ಜೆ ಏನು, ಯಾವುದು ಅಡ್ಡ ನಿಂತಿದೆ. ಉದಾಹರಣೆಗೆ:

ವರದಿಯ 4ನೇ ಪುಟದ ಕೋಷ್ಟಕದವರೆಗೆ ಆಗಿದೆ.
ಬಂದ ಕೂಡಲೇ: ಮಾರ್ಚ್ ಸಾಲಿನ ಮೊತ್ತ ಮತ್ತೆ ಕೂಡಿ ನೋಡು.
ಗೋದಾಮಿನಿಂದ ಎಣಿಕೆ ಬಂದಿಲ್ಲ, 2:30ಕ್ಕೆ ಫೋನ್.

ಎರಡನೇ ಸಾಲು ಅತಿ ಮುಖ್ಯ, ಎಲ್ಲರೂ ಎಡವುವುದೂ ಅಲ್ಲೇ. 'ವರದಿ ಮುಂದುವರಿಸು' ಎಂದು ಬರೆದರೆ ಉಪಯೋಗವಿಲ್ಲ. ಮರಳಿ ಬಂದಾಗ ಎಲ್ಲಿಂದ ಮುಂದುವರಿಸಬೇಕು ಎಂದು ಮತ್ತೆ ಯೋಚಿಸಬೇಕಾಗುತ್ತದೆ. ಐದು ನಿಮಿಷದಲ್ಲಿ ಮುಗಿಯುವ, ಕೈಯಿಂದ ಮಾಡುವ ಒಂದು ಕೆಲಸ ಬರೆಯಿರಿ. ಚೀಟಿಯನ್ನು ಕೀಬೋರ್ಡಿನ ಮೇಲೆಯೇ ಇಡಿ. ಸ್ಕ್ರೀನ್ ಬೀಗ ಹಾಕಿ, ಆಮೇಲೆ ಏಳಿ.

ಏಳುವ ಮುಂಚಿನ ನಿಮಿಷದಲ್ಲಿ ಮೇಲ್ ತೆರೆಯಬೇಡಿ. ಉತ್ತರ ಬರೆಯಲು ಪುರುಸೊತ್ತಿಲ್ಲದ ಹೊತ್ತಿನಲ್ಲಿ ಓದಿದ ಒಂದು ಕಿರಿಕಿರಿಯ ಮೇಲ್ ಊಟದುದ್ದಕ್ಕೂ ಪಕ್ಕದಲ್ಲಿ ಕೂತಿರುತ್ತದೆ.

ಹಂತ 4: ಊಟ (20ರಿಂದ 25 ನಿಮಿಷ)

ಮೊದಲು ಸುರಕ್ಷತೆ. ಬೇಯಿಸಿದ ಆಹಾರದಲ್ಲಿ ಸೂಕ್ಷ್ಮಜೀವಿಗಳು ಭರದಿಂದ ಹೆಚ್ಚುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೆಳಗ್ಗೆ ಎಂಟಕ್ಕೆ ತುಂಬಿದ ಡಬ್ಬಿ ಚೀಲದಲ್ಲೇ ಮಧ್ಯಾಹ್ನ ಒಂದರವರೆಗೆ ಕೂತರೆ ಐದು ಗಂಟೆ ಅದೇ ವಲಯದಲ್ಲಿರುತ್ತದೆ. ಎರಡು ಗಂಟೆ ಮಿತಿ, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಅದಕ್ಕೆ ಎರಡು ದಾರಿ: ತಣ್ಣಗೆ ಒಯ್ದು, ತಲುಪಿದ ಕೂಡಲೇ ಫ್ರಿಜ್ಜಿಗಿಟ್ಟು, ಉಣ್ಣುವಾಗ ಬಿಸಿ ಮಾಡುವುದು, ಇಲ್ಲವೇ ಬಿಸಿಯಾಗಿಯೇ ಒಯ್ಯುವುದು. ಬಿಸಿ ಕಾಯುವ ಡಬ್ಬಿಯಾದರೆ ಅದಕ್ಕೆ ಮೊದಲು ಕುದಿನೀರು ಸುರಿದು, ಮುಚ್ಚಿ, 5ರಿಂದ 10 ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಹೊಗೆಯಾಡುವ ಆಹಾರವನ್ನು ಭರ್ತಿ ತುಂಬಿ. ಅರ್ಧ ಖಾಲಿ ಬಿಟ್ಟ ಡಬ್ಬಿ ಬೇಗ ಆರುತ್ತದೆ.

ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ. ಬೇಯಿಸಿದ ಅನ್ನ ಹೊರಗೇ ಉಳಿದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ನಂಜು ಉಂಟುಮಾಡುತ್ತದೆ. ವಾಂತಿ ತರಿಸುವ ಆ ನಂಜು ಶಾಖಕ್ಕೆ ಜಗ್ಗುವುದಿಲ್ಲ. ಅಂದರೆ, ಹೊತ್ತು ಮೀರಿ ಹೊರಗಿದ್ದ ಅನ್ನವನ್ನು 'ಚೆನ್ನಾಗಿ ಬಿಸಿ ಮಾಡಿದರಾಯಿತು' ಎನ್ನುವುದು ತಪ್ಪು ಲೆಕ್ಕ.

ಮೈಕ್ರೋವೇವ್ ಆಹಾರವನ್ನು ಎಲ್ಲ ಕಡೆ ಒಂದೇ ಸಮ ಕಾಯಿಸುವುದಿಲ್ಲ. ಅಂಚು ಸುಡುತ್ತದೆ, ನಡುವೆ ಫ್ರಿಜ್ಜಿನ ತಂಪು ಹಾಗೇ ಇರುತ್ತದೆ. ಡಬ್ಬಿಯ ನಡುವೆ ಗುಂಡಿ ಮಾಡಿ ಆಹಾರವನ್ನು ಸುತ್ತ ಸರಿಸಿ, ಒಣಗಿದ್ದರೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳವನ್ನು ಸಡಿಲವಾಗಿಡಿ. 800 ವ್ಯಾಟ್‌ನ ಯಂತ್ರದಲ್ಲಿ ಸುಮಾರು 300 ಗ್ರಾಂ ತಣ್ಣನೆಯ ಊಟಕ್ಕೆ ಎರಡರಿಂದ ಮೂರು ನಿಮಿಷ ಬೇಕು; ಅರ್ಧಕ್ಕೆ ನಿಲ್ಲಿಸಿ ಒಮ್ಮೆ ಕಲಕಿ. ಹೊರತೆಗೆದು ಒಂದು ನಿಮಿಷ ಮುಚ್ಚಿಯೇ ಬಿಟ್ಟರೆ ಬಿಸಿ ಒಳಗೆ ಹರಡುತ್ತದೆ. ನಡುಭಾಗವೂ ಹೊಗೆಯಾಡಬೇಕು, ಅಂದರೆ ಸುಮಾರು 75 ಡಿಗ್ರಿ. ಸ್ಟೀಲ್ ಡಬ್ಬಿ, ಬೆಳ್ಳಿಹಾಳೆ ಒಳಗಿಟ್ಟರೆ ಕಿಡಿ ಹಾರುತ್ತದೆ. ಬಿಗಿಮುಚ್ಚಳ ಹಾಗೇ ಬಿಟ್ಟರೆ ಆವಿಯ ಒತ್ತಡಕ್ಕೆ ಸಿಡಿದು, ಒಳಗೋಡೆ ಒರೆಸುವುದರಲ್ಲೇ ನಿಮ್ಮ ವಿರಾಮ ಮುಗಿಯುತ್ತದೆ.

ಇನ್ನು ಉಣ್ಣುವುದು. ಹೊಟ್ಟೆ ತುಂಬಿತು ಎಂಬ ಸುದ್ದಿ ಮೆದುಳಿಗೆ ಪೂರ್ತಿ ತಲುಪಲು ಸುಮಾರು 20 ನಿಮಿಷ ಹಿಡಿಯುತ್ತದೆ. ಎಂಟು ನಿಮಿಷದಲ್ಲಿ ಡಬ್ಬಿ ಬರಿದು ಮಾಡುವವರಿಗೆ ಆ ಸುದ್ದಿ ತಡವಾಗಿ ಬರುತ್ತದೆ, ಅಷ್ಟರಲ್ಲಿ ಎರಡನೇ ಸಲ ಬಡಿಸಿಕೊಂಡಿರುತ್ತಾರೆ. ನಿಧಾನಿಸಲು ಸುಲಭ ಉಪಾಯ: ತುತ್ತು ಬಾಯಲ್ಲಿರುವಾಗ ಚಮಚ ಕೆಳಗಿಡಿ, ಕೈಯಲ್ಲಿ ಉಣ್ಣುವವರು ಮುಂದಿನ ತುತ್ತು ಕಲಸಬೇಡಿ.

ಉಣ್ಣುವ ಕ್ರಮಕ್ಕೂ ಬೆಲೆ ಇದೆ. ತರಕಾರಿ, ಬೇಳೆಕಾಳು, ಮೊಟ್ಟೆಯಂಥವನ್ನು ಮೊದಲು ಉಂಡು, ಹಿಟ್ಟಿನದು, ಅನ್ನದ್ದು, ಸಿಹಿಯದು ಆಮೇಲೆ ಉಂಡರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಊಟದ ನಂತರದ ಜಡ ಹಿಡಿತದಲ್ಲಿಡಲು ಇಷ್ಟು ಅಗ್ಗದ ಉಪಾಯ ಬೇರೆ ಸಿಗದು.

ಕೆಲಸದ ಮೇಜಿನಲ್ಲೇ ಉಣ್ಣಬೇಡಿ. ಅಲ್ಲಿ ಕೂತ ಕೂಡಲೇ ನೀವು ಲಭ್ಯ ಎಂದು ಉಳಿದವರು ತಿಳಿಯುತ್ತಾರೆ, 'ಒಂದೇ ಒಂದು ನಿಮಿಷ' ಎಂದು ಬರುತ್ತಾರೆ. ಬೇರೆ ಜಾಗವೇ ಇಲ್ಲದಿದ್ದರೆ ಕುರ್ಚಿಯನ್ನು ಸ್ಕ್ರೀನಿಗೆ ಬೆನ್ನು ಬರುವಂತೆ ತಿರುಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಹಾಡು ಹಾಕದಿದ್ದರೂ ಸರಿ.

ಹಂತ 5: ನಡಿಗೆ (10 ನಿಮಿಷ)

ಕೊನೆಯ ತುತ್ತಾದ ಮೇಲೆ ಕೂರದೆ ನೇರ ನಡೆಯಿರಿ. ದುಡಿಯುವ ಕಾಲಿನ ಸ್ನಾಯುಗಳು ರಕ್ತದಲ್ಲಿ ಆಗಷ್ಟೇ ಏರುತ್ತಿರುವ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಅದಕ್ಕೇ ಊಟದ ಒಂದೂವರೆ ಗಂಟೆಯ ಬಳಿಕದ ನಡಿಗೆಗಿಂತ ಕೂಡಲೇ ನಡೆಯುವುದು ಲೇಸು. ವೇಗ ನಿಮಿಷಕ್ಕೆ 100 ಹೆಜ್ಜೆಯ ಸುತ್ತಮುತ್ತ ಇರಲಿ: ಮಾತಾಡಲು ಬರಬೇಕು, ಹಾಡಲು ಕಷ್ಟವಾಗಬೇಕು. ಹತ್ತು ನಿಮಿಷಕ್ಕೆ ಸಾವಿರ ಹೆಜ್ಜೆ. ಹೊಟ್ಟೆ ಹಿಡಿದುಕೊಂಡರೆ ವೇಗ ಇಳಿಸಿ; ಇದು ವ್ಯಾಯಾಮ ಅಲ್ಲ.

ಹೊರಗೆ ಹೋಗಲು ಸಾಧ್ಯವಾದರೆ ಹೊರಗೇ ಹೋಗಿ. ಹಗಲ ಬೆಳಕು ಎಚ್ಚರ ಹೆಚ್ಚಿಸುತ್ತದೆ, ಮೋಡದ ದಿನವೂ ಹೊರಗಿನ ಬೆಳಕು ಒಳಗಿನ ದೀಪಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಇಡೀ ಬೆಳಗ್ಗೆ ಅರ್ಧ ಮೀಟರ್ ದೂರದ ಸ್ಕ್ರೀನ್ ನೋಡಿದ ಕಣ್ಣಿಗೂ ಇದೇ ಮದ್ದು. ಹತ್ತಿರದ್ದನ್ನು ನೋಡುವಾಗ ಬಿಗಿಯಾಗುವ ಕಣ್ಣೊಳಗಿನ ಸ್ನಾಯು ಆರು ಮೀಟರಿಗಿಂತ ದೂರ ನೋಡಿದಾಗ ಸಡಿಲವಾಗುತ್ತದೆ. ನಡೆಯುತ್ತಾ ಫೋನ್ ನೋಡಿದರೆ ಈ ಲಾಭ ಪೂರ್ತಿ ಹೋಯಿತು, ಎದುರು ಬರುವವರ ಬೈಗುಳ ಬೇರೆ.

ಹಂತ 6: ಒಂದೇ ಒಂದು ಆಯ್ಕೆ (15ರಿಂದ 20 ನಿಮಿಷ)

ಉಳಿದ ಹೊತ್ತಿಗೆ ಒಂದನ್ನು ಮಾತ್ರ ಆರಿಸಿ, ಅದನ್ನೂ ಬೆಳಗ್ಗೆಯೇ. ವಿರಾಮದ ನಡುವೆ 'ಈಗೇನು ಮಾಡಲಿ' ಎಂದು ಕೂತರೆ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಪುಸ್ತಕ ಓದುವುದು, ಸಹೋದ್ಯೋಗಿಯೊಂದಿಗೆ ಕೆಲಸ ಬಿಟ್ಟು ಬೇರೆ ಮಾತು, ಮನೆಗೊಂದು ಫೋನ್, ಹೊಸ ಭಾಷೆಯ ಹತ್ತು ಪದ, ಯಾವುದೂ ಆದೀತು. ಬಿಲ್ಲು ಕಟ್ಟುವುದು, ಬ್ಯಾಂಕಿನ ಕೆಲಸದಂಥವನ್ನು ವಾರಕ್ಕೆ ಒಂದೇ ದಿನಕ್ಕೆ ಗುಡ್ಡೆಹಾಕಿ. ಅವನ್ನು ದಿನವೂ ಮಾಡಿದರೆ ನಿಮಗೆ ವಿರಾಮವೇ ಇಲ್ಲ, ಎರಡು ಕೆಲಸಗಳಿವೆ.

ನಿದ್ದೆ ಆರಿಸಿಕೊಂಡವರಿಗೆ ಸ್ವಲ್ಪ ವಿವರ ಬೇಕು, ಇಲ್ಲಿ ತಪ್ಪುವುದು ಸುಲಭ.

ಅಲಾರಂ 20 ನಿಮಿಷಕ್ಕಿಡಿ. ನಿದ್ದೆ ಹತ್ತಲು ಐದು ನಿಮಿಷ ಹೋದರೂ 15 ನಿಮಿಷ ಸಿಗುತ್ತದೆ, ಅಷ್ಟು ಸಾಕು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರುವ ಸಂಭವ ಹೆಚ್ಚು. ಅಲ್ಲಿಂದ ಎಬ್ಬಿಸಿದಾಗ ತಲೆ ಭಾರ, ಮಾತು ತೊದಲು, ಎಲ್ಲಿದ್ದೇನೆಂದೇ ತಿಳಿಯದ ಸ್ಥಿತಿ. ಇದನ್ನು ನಿದ್ರಾಜಡ್ಯ ಎನ್ನಬಹುದು, ಕಳೆಯಲು ಅರ್ಧ ಗಂಟೆಯೂ ಹಿಡಿಯಬಹುದು. 'ನನಗೆ ಹಗಲು ನಿದ್ದೆ ಆಗಿಬರುವುದಿಲ್ಲ' ಎನ್ನುವ ಹಲವರ ತೊಂದರೆ ನಿದ್ದೆಯಲ್ಲ, ಉದ್ದ.

ಊಟವಾದ ಕೂಡಲೇ ಚಪ್ಪಟೆ ಮಲಗಬೇಡಿ, ಹುಳಿ ತೇಗು ಗಂಟಲಿಗೆ ಬರುತ್ತದೆ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಸುತ್ತಿದ ಟವೆಲ್ಲನ್ನು ಕತ್ತಿನ ಹಿಂದೆ ಇಟ್ಟು ಒರಗಿ. ಮೇಜಿನ ಮೇಲೆ ತಲೆಯಿಟ್ಟು ಮಲಗುವವರು ಹಣೆಯನ್ನು ಟವೆಲ್ ಮೇಲಿಡಿ. ತೋಳಿನ ಮೇಲಿಟ್ಟರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ, ಕಣ್ಣುಗುಡ್ಡೆ ಒತ್ತಿಕೊಂಡರೆ ಎದ್ದ ಮೇಲೆ ಕೆಲಹೊತ್ತು ಮಸುಕು ಕಾಣುತ್ತದೆ. ನಿದ್ದೆ ಬರಲಿಲ್ಲವೆಂದು ಬೇಸರ ಬೇಡ, ಕಣ್ಣು ಮುಚ್ಚಿ ಸುಮ್ಮನಿದ್ದರೂ ವಿಶ್ರಾಂತಿಯೇ. ಆದರೆ ರಾತ್ರಿ ನಿದ್ದೆ ಬರದ ತೊಂದರೆ ಇರುವವರು ಈ ಆಯ್ಕೆಯನ್ನೇ ಬಿಡಿ. ಹಗಲಿನ ಜೊಂಪು ರಾತ್ರಿಯ ನಿದ್ದೆಯನ್ನು ಇನ್ನಷ್ಟು ಹಿಂದೆ ತಳ್ಳುತ್ತದೆ.

ಮಲಗುವ ಮುನ್ನ ಒಂದು ಲೋಟ ಕಾಫಿ ಕುಡಿಯುವ ಉಪಾಯವನ್ನು ನೀವು ಕೇಳಿರಬಹುದು. ಕೆಫೀನ್ ಹತ್ತಲು 20ರಿಂದ 30 ನಿಮಿಷ ಬೇಕಾದ್ದರಿಂದ ನೀವು ಏಳುವುದಕ್ಕೂ ಅದು ಹತ್ತುವುದಕ್ಕೂ ಸರಿಹೋಗುತ್ತದೆ. ಉಪಾಯ ಸರಿಯಾದದ್ದೇ, ಎರಡು ತೊಡಕುಗಳಿವೆ. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಹಿಡಿಯುತ್ತದೆ. ಎರಡು ಗಂಟೆಗೆ ಕುಡಿದದ್ದರಲ್ಲಿ ಅರ್ಧ ಸಂಜೆ ಏಳಕ್ಕೂ, ಕಾಲುಭಾಗ ನಡುರಾತ್ರಿಗೂ ಉಳಿದಿರುತ್ತದೆ. ಮತ್ತೆ, ಊಟದ ಜೊತೆಗೋ ಬೆನ್ನಿಗೋ ಕುಡಿದ ಕಾಫಿ, ಚಹಾ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತಹೀನತೆ ಇರುವವರು ಒಂದು ಗಂಟೆ ಬಿಟ್ಟು ಕುಡಿಯಿರಿ.

ಹಂತ 7: ಮರಳುವುದು (5 ನಿಮಿಷ)

ವಿರಾಮ ಮುಗಿಯಲು ಐದು ನಿಮಿಷ ಇರುವಾಗಲೇ ಎರಡನೇ ಅಲಾರಂ ಹೊಡೆಯಲಿ. ಡಬ್ಬಿ ತೊಳೆಯಿರಿ (ಸಂಜೆಯವರೆಗೆ ಒಣಗಿದ ಡಬ್ಬಿ ಉಜ್ಜುವ ಕಷ್ಟ ನಿಮಗೇ ಗೊತ್ತು), ಮುಖಕ್ಕೆ ತಣ್ಣೀರು ಹಾಕಿ, ನೀರಿನ ಬಾಟಲಿ ತುಂಬಿಸಿ, ಕೂರಿ.

ಕೂತ ಮೇಲೆ ಮೇಲ್ ಅಲ್ಲ, ಚೀಟಿ. ಎರಡನೇ ಸಾಲಿನಲ್ಲಿ ಬರೆದದ್ದನ್ನು ಮಾಡಿ ಮುಗಿಸಿ, ಆಮೇಲೆ ಮೇಲ್ ತೆರೆಯಿರಿ. ಮೊದಲೇ ಮೇಲ್ ತೆರೆದರೆ ನಿಮ್ಮ ಮಧ್ಯಾಹ್ನ ಬೇರೆಯವರು ಬರೆದ ಪಟ್ಟಿಯಿಂದ ಶುರುವಾಗುತ್ತದೆ, ಹಂತ 1ರಲ್ಲಿ ಕಂಡ ಆ 14 ನಿಮಿಷ ಮತ್ತೆ ಬಾಯಿ ತೆರೆಯುತ್ತದೆ. ತುಂಬ ಲೆಕ್ಕ ಹಾಕುವ ಕೆಲಸವನ್ನು ಮರಳಿದ ಮೊದಲ ಅರ್ಧ ಗಂಟೆಗೆ ಇಟ್ಟುಕೊಳ್ಳಬೇಡಿ, ಜೋಂಪಿನ ಹೊತ್ತು ಇನ್ನೂ ದಾಟಿರುವುದಿಲ್ಲ. ಫೈಲು ಜೋಡಿಸುವುದು, ಯಾರಿಗೋ ಫೋನ್ ಮಾಡುವುದು, ಎದ್ದು ನಿಂತು ಮಾಡುವ ಕೆಲಸ ಆ ಹೊತ್ತಿಗೆ ಒಗ್ಗುತ್ತವೆ.

ಕೆಲವರಿಗೆ ಬೇರೆ ಲೆಕ್ಕ

ದಿನವಿಡೀ ನಿಂತು ದುಡಿಯುವವರು, ಅಂಗಡಿ, ಕಾರ್ಖಾನೆ, ತರಗತಿ, ವಾರ್ಡಿನಲ್ಲಿ ಇರುವವರು, ಹಂತ 5ನ್ನು ತಲೆಕೆಳಗು ಮಾಡಿ. ನಡಿಗೆ ನಿಮಗೆ ಆಗಲೇ ಸಾಕಷ್ಟಾಗಿದೆ. ಹತ್ತು ನಿಮಿಷ ಬೂಟು ಬಿಚ್ಚಿ, ಕಾಲನ್ನು ಎದುರಿನ ಸ್ಟೂಲಿನ ಮೇಲೆ ಸೊಂಟದ ಎತ್ತರಕ್ಕೆ ಚಾಚಿ, ಪಾದವನ್ನು ಮೇಲೆ ಕೆಳಗೆ 20 ಸಲ ಆಡಿಸಿ. ಕಾಲಿನಲ್ಲಿ ಇಳಿದು ನಿಂತ ರಕ್ತ ಮೇಲಕ್ಕೆ ಏರಲು ಮೀನಖಂಡದ ಈ ಹಿಂಡುವಿಕೆ ಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವಿರಾಮವನ್ನು ಮೀಟಿಂಗಿಗಾಗಿ ಮುಂದೂಡಬಾರದು. ಔಷಧಿ ಒಳಗಿದ್ದು ಊಟ ತಡವಾದರೆ ಸಕ್ಕರೆ ತೀರಾ ಕೆಳಗಿಳಿದು ಕೈ ನಡುಗುವುದು, ಬೆವರುವುದು, ತಲೆ ಸುತ್ತುವುದು ಶುರುವಾಗುತ್ತದೆ. ಊಟದ ನಂತರದ ನಡಿಗೆಯನ್ನು ಹೊಸದಾಗಿ ಸೇರಿಸುವ ಮುನ್ನ ವೈದ್ಯರಿಗೆ ತಿಳಿಸಿ, ಬೇಗ ಕರಗುವ ಸಿಹಿ ಜೇಬಿನಲ್ಲಿರಲಿ.

30 ನಿಮಿಷವೇ ಇರುವವರು ಹಂತ 6ನ್ನು ಪೂರ್ತಿ ಬಿಡಿ. ಚೀಟಿಗೆ 2, ಊಟಕ್ಕೆ 18, ನಡಿಗೆಗೆ 6, ಮರಳಲು 4 ನಿಮಿಷ. ಇದು ಸಾಧ್ಯವಾಗಬೇಕಾದರೆ ಬಿಸಿ ಮಾಡುವ ಸಾಲಿನಲ್ಲಿ ನಿಲ್ಲುವಂತಿಲ್ಲ. ಬಿಸಿ ಕಾಯುವ ಡಬ್ಬಿಯೋ ತಣ್ಣಗೇ ಉಣ್ಣುವಂಥದ್ದೋ ಬೇಕು. ತಣ್ಣಗಿನದು ಒಯ್ದರೆ ಡಬ್ಬಿಯ ಜೊತೆ ಒಂದು ಐಸ್ ಪ್ಯಾಕ್ ಇಡಿ. ಹಿಂದಿನ ರಾತ್ರಿಯೇ ಅದನ್ನು ಫ್ರೀಜರಿಗೆ ಹಾಕಿರಬೇಕು. ಬೆಳಗ್ಗೆ ನೆನಪಾದರೆ ಹೊತ್ತು ಮೀರಿರುತ್ತದೆ.